ಕಾಂತರಾಜ ಅಳಿಸಿದ ಎರಡು ಸಾಲು

ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದೇ ಶೀಟಿನ ಕೆಳಗೆ ಎರಡು ಅಂಗಡಿಗಳಿವೆ. ಎಡಗಡೆಯದು ಬೆಟ್ಟಸ್ವಾಮಿಯ ಮೋಟಾರ್ ವೈಂಡಿಂಗ್ ಅಂಗಡಿ. ಬಲಗಡೆ ಅವನ ಮಗ ಕಾಂತರಾಜ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ನಡುವೆ ಗೋಡೆಯಿಲ್ಲ, ಒಂದು ಹಳೆಯ ಮರದ ಬೀರು ನಿಂತಿದೆ. ಅಪ್ಪನ ಕಡೆಯ ವಾರ್ನಿಷ್ ವಾಸನೆ ಮಗನ ಕಡೆಗೆ, ಮಗನ ಕಡೆಯ ಫ್ಯಾನುಗಳ ಗುಯ್ಯೆನ್ನುವ ಸದ್ದು ಅಪ್ಪನ ಕಡೆಗೆ ದಾಟುತ್ತಲೇ ಇರುತ್ತವೆ.

ಬೆಟ್ಟಸ್ವಾಮಿಗೆ ಕಣ್ಣು ಹೋಗಿ ಐದು ವರ್ಷವಾಯಿತು. ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ ನಿಂತಿದೆ. ಆದರೂ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದು ತನ್ನ ಸ್ಟೂಲಿನ ಮೇಲೆ ಕೂರುತ್ತಾನೆ. ಯಾರಾದರೂ ತಾಮ್ರದ ತಂತಿ ಕೈಗೆ ಕೊಟ್ಟರೆ ಬೆರಳಿನಲ್ಲಿ ಉಜ್ಜಿ ಅದರ ದಪ್ಪ ಎಷ್ಟನೇ ಗೇಜು ಎಂದು ಹೇಳುತ್ತಾನೆ. ಸುತ್ತಲಿನ ಹಳ್ಳಿಗಳಲ್ಲಿ ಅವನು ಸುತ್ತಿದ ಮೋಟಾರುಗಳು ಇನ್ನೂ ಗದ್ದೆಗೆ ನೀರೆತ್ತುತ್ತಿವೆ. ಅವುಗಳ ಮುಚ್ಚಳ ಬಿಚ್ಚಿದರೆ ಒಳಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದದ್ದು ಕಾಣುತ್ತದೆ: ಎಷ್ಟು ಸುತ್ತು, ಯಾವ ತಂತಿ, ಯಾವ ದಿನ, ಕೊನೆಯಲ್ಲಿ ಬೆಟ್ಟಸ್ವಾಮಿ.

"ಮುಚ್ಚಳ ಹಾಕ್‌ಬುಟ್ರೆ ಒಳಗೆ ಏನ್ ಮಾಡಿದೀವಿ ಅಂತ ಯಾರ್ಗೂ ಕಾಣಾಕಿಲ್ಲ ಕಣ್ಲಾ. ಅದಕ್ಕೇ ಬರೀಬೇಕು," ಎಂದು ಬೆಟ್ಟಸ್ವಾಮಿ, ಮಗ ಚಿಕ್ಕವನಿದ್ದಾಗ, ಹೇಳಿದ್ದ. ಕಾಂತರಾಜ ಆ ಅಭ್ಯಾಸವನ್ನು ಹಾಗೆಯೇ ಎತ್ತಿಕೊಂಡ. ಯಾರ ಕಂಪ್ಯೂಟರ್ ಬಿಚ್ಚಿದರೂ ಸೈಡಿನ ತಗಡಿನ ಒಳಮೈಗೆ ಕಪ್ಪು ಮಾರ್ಕರ್‌ನಲ್ಲಿ ತಾನು ಮಾಡಿದ್ದನ್ನು ಬರೆದು, ತಾರೀಕು ಹಾಕಿ, 'ಕಾಂತ' ಎಂದು ಸಹಿ ಮಾಡುತ್ತಿದ್ದ. ಇಪ್ಪತ್ತು ವರ್ಷಗಳಲ್ಲಿ ಒಂದು ಅಕ್ಷರವನ್ನೂ ಅಳಿಸಿದವನಲ್ಲ.

ಭೇರ್ಯದ ಉಷಾರಾಣಿ ಅವನಿಂದ ಕಂಪ್ಯೂಟರ್ ಜೋಡಿಸಿಕೊಂಡು ಮೂರು ವರ್ಷವಾಗಿತ್ತು. ಮದುವೆ ವಿಡಿಯೋಗಳನ್ನು ಮಿಕ್ಸಿಂಗ್ ಮಾಡುವುದು ಅವಳ ಕೆಲಸ. ಹುಣಸೂರಿನ ನಂಜುಂಡೇಶ್ ಎಂಬ ಸ್ಟುಡಿಯೋದವನು ಹಾರ್ಡ್ ಡಿಸ್ಕ್‌ಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದ. ಅವಳು ಮನೆಯಲ್ಲೇ ಕೂತು ಧಾರೆ, ಆರತಕ್ಷತೆ, ಬೀಗರೂಟಗಳನ್ನೆಲ್ಲ ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಹಿಂದಕ್ಕೆ ಕಳಿಸುತ್ತಿದ್ದಳು. ಗಂಡ ಬಸವಪ್ರಸಾದ್ ಗೊಬ್ಬರದ ಅಂಗಡಿಗೆ ಹೋದರೆ ಸಂಜೆಗೇ ಬರುವುದು. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆ ಶಿವರುದ್ರಮ್ಮನ ಮಾತು. ಸೊಸೆ ಕಂಪ್ಯೂಟರ್ ತರಲು ಅವಳು ಒಂದು ಕರಾರಿನ ಮೇಲೆ ಒಪ್ಪಿದ್ದಳು: ಕೆಲಸ ಏನೇ ಇರಲಿ, ಅಡುಗೆಮನೆ ಕಣ್ಣಳತೆಯಲ್ಲಿರಬೇಕು. ಹಾಗಾಗಿ ನಡುಮನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಮೇಜು ಬಂತು. ಮುದ್ದೆಗೆ ಎಸರು ಕುದಿಯುವಷ್ಟರಲ್ಲಿ ಉಷಾರಾಣಿ ಒಂದು ಹಾಡಿಗೆ ಚಿತ್ರ ಕೂಡಿಸಿ ಮುಗಿಸುತ್ತಿದ್ದಳು.

ಹಿಂದಿನ ಮಾರ್ಚ್ ತಿಂಗಳಲ್ಲಿ ಅವಳು ಒಂದು ಮಾತು ಕೇಳಿದಳು. "ಕಾಂತಣ್ಣ, ಪೂರ್ತಿ ಫಿಲಂ ರೆಂಡರ್ ಆಗಿ ಒಂದೇ ಫೈಲ್ ಆಗೋಕೆ ನಾಲ್ಕು ಗಂಟೆ ಹಿಡೀತಿದೆ. ಒಂಚೂರು ಬೇಗ ಆಗೋ ಹಂಗೆ ಏನಾದ್ರೂ ಮಾಡೋಕಾಗುತ್ತಾ?"

"ಆಗದೇ ಏನು? ನೋಡ್ತಿರಿ ಉಷಮ್ಮ," ಎಂದ ಕಾಂತರಾಜ. ಹೊಸ ಸಾಮಾನು ಯಾವುದನ್ನೂ ಕೇಳಲಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋದ. ಮದರ್‌ಬೋರ್ಡಿನ ಒಳಗುಟ್ಟುಗಳೆಲ್ಲ ಅಂಕಿಗಳಾಗಿ ಕೂತಿರುವ ಪರದೆ ಅದು. ಮಾಮೂಲಿ ಜನ ಅಲ್ಲಿಗೆ ಹೋಗುವುದಿಲ್ಲ, ಹೋದರೂ ಹೆದರಿ ವಾಪಸು ಬರುತ್ತಾರೆ. ಅಲ್ಲಿ ಪ್ರೊಸೆಸರ್‌ನ ವೇಗ ಏರಿಸಿದ. ಕಂಪ್ಯೂಟರ್ ಅರ್ಧ ಗಂಟೆ ಓಡಿ ನಿಂತುಬಿಟ್ಟಿತು. ಆಗ ಅವನ ಕೈ ತಾನಾಗಿಯೇ ವೋಲ್ಟೇಜಿನ ಸಾಲಿಗೆ ಹೋಯಿತು.

ಅದು ಆ ಸೀಮೆಯ ಕೈ. ಸಂಜೆಯಾದರೆ ಕರೆಂಟು ಸೊರಗುವ ಊರಿನಲ್ಲಿ ಬೆಳೆದ ಕೈ. ಟಿವಿ ಚಿತ್ರ ಕುಗ್ಗಿದರೆ ಸ್ಟೆಬಿಲೈಸರ್ ತಿರುಗಿಸು, ಫ್ರಿಜ್ಜು ಗುರ್ರೆಂದು ನಿಂತರೆ ಸ್ಟೆಬಿಲೈಸರ್ ತಿರುಗಿಸು, ಮೋಟಾರು ಎತ್ತದಿದ್ದರೆ ವೋಲ್ಟೇಜು ನೋಡು. ಕರೆಂಟು ಸಾಲದು ಎನ್ನುವುದೊಂದೇ ಅಲ್ಲಿನವರೆಲ್ಲ ಕಂಡ ಕಾಯಿಲೆ. ಕಾಂತರಾಜ ಒಂದೂಕಾಲು ವೋಲ್ಟ್ ಇದ್ದದ್ದನ್ನು ಒಂದು ಪಾಯಿಂಟ್ ನಾಲ್ಕಕ್ಕೆ ಏರಿಸಿದ. ಪರದೆಯ ಮೇಲೆ ಆ ಅಂಕಿ ಬಿಳಿಯಿಂದ ಹಳದಿಗೆ ತಿರುಗಿತು. ಅದು ಎಚ್ಚರಿಕೆ ಎಂದು ಅವನಿಗೆ ಗೊತ್ತಿತ್ತು. ಸೇವ್ ಮಾಡಿದ, ಎಂದಿನಂತೆ ತಗಡಿನ ಒಳಬದಿಗೆ ಒಂದು ಸಾಲು ಬರೆದ.

ಕಂಪ್ಯೂಟರ್ ಓಡಿತು. ನಾಲ್ಕು ಗಂಟೆಯ ಕೆಲಸ ಮೂರಕ್ಕೆ ಇಳಿಯಿತು. ಉಷಾರಾಣಿ ಪರದೆ ನೋಡಿ ಕೈ ಜೋಡಿಸಿಬಿಟ್ಟಳು. "ಏನು ಮಂತ್ರ ಹಾಕಿದ್ರಿ ಕಾಂತಣ್ಣ!" ಅವತ್ತು ಶಿವರುದ್ರಮ್ಮ ಎರಡು ಮುದ್ದೆ ತಿನ್ನಿಸಿಯೇ ಕಳಿಸಿದಳು. ಆ ಮನೆಗೆ ಹೋದವರು ಉಣ್ಣದೆ ಬರುವ ಪದ್ಧತಿಯೇ ಇಲ್ಲ.

ಅಂಗಡಿಗೆ ಬಂದು ಅಪ್ಪನಿಗೆ ಹೆಮ್ಮೆಯಿಂದ ಹೇಳಿದ. ಬೆಟ್ಟಸ್ವಾಮಿ ಕೈಯಲ್ಲಿದ್ದ ತಂತಿಯ ಚೂರನ್ನು ಬೆರಳಲ್ಲಿ ಉಜ್ಜುತ್ತ ಕೇಳಿದ.

"ಪಂಪ್‌ಸೆಟ್ ಎಲ್ಲಾ ಆಫ್ ಆಗಿ ವೋಲ್ಟೇಜು ಏರಿದ್ಮೇಲೆ ಮನೇಲಿ ಬಲ್ಬು ಎಂಗೆ ಉರೀತದೆ, ನೋಡಿದೀಯಾ?"

"ಝಗ್ ಅಂತದೆ."

"ಝಗ್ ಅಂತದೆ. ಆಮ್ಯಾಕೆ ವಾರದಲ್ಲಿ ಟಪ್ ಅಂತದೆ."

"ಇದು ಬಲ್ಬಲ್ಲ ಕಣಪ್ಪ," ಎಂದು ಕಾಂತರಾಜ ನಕ್ಕುಬಿಟ್ಟ.

ಆಗಸ್ಟ್‌ನಲ್ಲಿ ಕಂಪ್ಯೂಟರ್ ಮತ್ತೆ ನಿಲ್ಲತೊಡಗಿತು. ಏರಿಸಿದ್ದನ್ನು ಇಳಿಸಿ ನೋಡಬಹುದಿತ್ತು. ಇಳಿಸಿದರೆ ವೇಗ ಹೋಗುತ್ತದೆ, ವೇಗ ಹೋದರೆ ಆ ಹೊಗಳಿಕೆಯೂ ಹೋಗುತ್ತದೆ. ಇನ್ನಷ್ಟು ಏರಿಸಿದ. ಈ ಸಲ ಅಂಕಿ ಕೆಂಪಗಾಯಿತು. ಕೆಂಪನ್ನು ನೋಡಿಕೊಂಡೇ ಸೇವ್ ಒತ್ತಿದ. ತಗಡಿನ ಒಳಬದಿಯಲ್ಲಿ ಮೊದಲ ಸಾಲಿನ ಕೆಳಗೆ ಎರಡನೆಯ ಸಾಲು ಬರೆದ, ತಾರೀಕು ಹಾಕಿದ, ಸಹಿ ಮಾಡಿದ.

ಫೆಬ್ರವರಿಯಲ್ಲಿ, ಮದುವೆಗಳು ಒಂದರ ಮೇಲೊಂದು ಬಂದು ಬೀಳುವ ಹೊತ್ತಿನಲ್ಲಿ, ಅದು ಪೂರ್ತಿ ಸತ್ತಿತು. ಉಷಾರಾಣಿ ಅಳುವ ದನಿಯಲ್ಲಿ ಫೋನ್ ಮಾಡಿದಳು. ಕಾಂತರಾಜ ಸ್ಕೂಟರ್ ಹತ್ತಿ ಹೋದ.

ನಡುಮನೆಯಲ್ಲಿ ಕೂತು ಸ್ಕ್ರೂ ಬಿಚ್ಚಿ ತಗಡು ತೆಗೆದ. ತಗಡಿನ ಹೊರಗೆ ಆಯುಧಪೂಜೆಯ ದಿನ ಎಳೆದ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಒಳಗೆ ಅವನ ಎರಡು ಸಾಲು. ಓದುವ ಅಗತ್ಯವೇ ಇರಲಿಲ್ಲ, ತಾನು ಏರಿಸಿದ ವೋಲ್ಟೇಜೇ ಅದನ್ನು ಸುಟ್ಟಿದೆ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಕಂಪ್ಯೂಟರಿನ ಒಳಗು ಅವನ ಅಂಗಡಿಗಿಂತ ಚೊಕ್ಕಟವಾಗಿತ್ತು. ಉಷಾರಾಣಿ ಪ್ರತಿ ಶುಕ್ರವಾರ, ತಗಡು ಬಿಚ್ಚದೆಯೇ, ಸಣ್ಣ ಬ್ರಷ್‌ನಲ್ಲಿ ಗಾಳಿಕಂಡಿಗಳ ಧೂಳು ತೆಗೆಯುತ್ತಿದ್ದಳು. ಹಳೆಯ ವಾಯಿಲ್ ಸೀರೆಯಲ್ಲಿ ಅದಕ್ಕೊಂದು ಗವಸು ಹೊಲಿದಿದ್ದಳು.

ಶಿವರುದ್ರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. "ಏನಾಗದಪ್ಪ ಕಾಂತರಾಜ?"

ಆಗ ಅವನ ಬಾಯಿಂದ ಬಂದ ಮಾತನ್ನು ಅವನು ಮುಂಚೆ ಯೋಚಿಸಿರಲಿಲ್ಲ. ಆ ಹೊಸ್ತಿಲ ಹಿಂದೆ ಸೌದೆ ಒಲೆ ಉರಿಯುತ್ತಿತ್ತು, ಕಣ್ಣಿಗೆ ಬಿದ್ದದ್ದನ್ನೇ ನಾಲಿಗೆ ಹಿಡಿದುಕೊಂಡಿತು.

"ಹೊಗೆ ಕಣವ್ವ. ಒಲೆ ಪಕ್ಕದಲ್ಲೇ ಇಟ್ಟವ್ರಲ್ಲಾ. ಹೊಗೆ ಒಳಕ್ಕೆ ಹೋಗಿ ಪ್ರೊಸೆಸರ್ ಸುಟ್ಟೋಗದೆ."

"ಒಳಗೆ ಕ್ಲೀನಾಗೇ ಇದೆಯಲ್ಲ ಕಾಂತಣ್ಣ..." ಎಂದು ಉಷಾರಾಣಿ ಮೆಲ್ಲಗೆ ಅಂದಳು.

"ಕಣ್ಣಿಗೆ ಕಾಣಲ್ಲ ಉಷಮ್ಮ ಅದು," ಎಂದ ಅವನು, ಬರೆದ ಬದಿ ಕಾಣದಂತೆ ತಗಡನ್ನು ಮಗುಚಿ ನೆಲದ ಮೇಲಿಡುತ್ತ.

ಶಿವರುದ್ರಮ್ಮ ಸೊಸೆಯತ್ತ ತಿರುಗಿದಳು. "ಕೇಳುಸ್ಕಂಡ್ಯಾ? ಒಲೆ ಬುಟ್ಟು ನೀನು ಆಚೆ ಕೂರಂಗಿಲ್ಲ, ಒಲೆ ಪಕ್ಕ ಅದು ಬಾಳಂಗಿಲ್ಲ. ಅಂದ್ಮೇಲೆ ಈ ಮನೆಗೆ ಅದು ಸಾಕು." ಆಮೇಲೆ ಕಾಂತರಾಜನಿಗೆ ಹೇಳಿದಳು, "ನೀನು ಊಟ ಮಾಡ್ಕಂಡೇ ಓಗ್ಬೇಕು ಕಣಪ್ಪ."

ಉಣ್ಣದೆ ಹೋಗಲು ಅವನಿಗೆ ಕಾರಣ ಸಿಗಲಿಲ್ಲ. ತಟ್ಟೆಗೆ ಮುದ್ದೆ ಹಾಕಿದವಳು ಉಷಾರಾಣಿಯೇ. ಅವಳು ಸಾರು ಬಡಿಸುವಾಗ ಅವನು ತಲೆ ಎತ್ತಲಿಲ್ಲ. ಪ್ರತಿ ತುತ್ತಿಗೂ ನೀರು ಕುಡಿದು ತಟ್ಟೆ ಖಾಲಿ ಮಾಡಿದ.

ಕ್ಯಾಬಿನೆಟ್ಟನ್ನು ಸ್ಕೂಟರಿನ ಹಿಂದೆ ಟೈರ್ ಟ್ಯೂಬಿನ ರಬ್ಬರಿನಲ್ಲಿ ಕಟ್ಟಿಕೊಂಡು ಅಂಗಡಿಗೆ ತಂದ. ಮರುದಿನ ಬೆಳಿಗ್ಗೆ ಆ ಪ್ರೊಸೆಸರ್ ತೆಗೆದು ಬೇರೆ ಬೋರ್ಡಿಗೆ ಹಾಕಿದ, ಅಲ್ಲೂ ಅದು ಏಳಲಿಲ್ಲ. ಬೇರೆ ಪ್ರೊಸೆಸರನ್ನು ಅವಳ ಬೋರ್ಡಿಗೆ ಹಾಕಿದ, ಚೆನ್ನಾಗಿ ಓಡಿತು. ಅನುಮಾನಕ್ಕೆ ಅಂತ ಉಳಿದಿದ್ದ ಒಂದೇ ಒಂದು ಸಂದಿಯೂ ಮುಚ್ಚಿಹೋಯಿತು.

ನಾಳೆ ಇದನ್ನು ಬೇರೆ ಯಾರಾದರೂ ಬಿಚ್ಚಿದರೆ? ಉಷಾರಾಣಿಯೇ ಬಿಚ್ಚಿ ಓದಿದರೆ? ಬಟ್ಟೆಯ ಚೂರಿಗೆ ಥಿನ್ನರ್ ಸುರಿದುಕೊಂಡು ಎರಡು ಸಾಲನ್ನೂ ಉಜ್ಜಿದ. ಕಪ್ಪು ಮಸಿ ಕರಗಿ ಬಟ್ಟೆಗೆ ಹತ್ತಿತು. ತಗಡನ್ನು ತಿರುಗಿಸಿ ಹಿಡಿದಿದ್ದ ಎಡಗೈ ಮಾತ್ರ ಹೊರಗಿನ ವಿಭೂತಿಗೆ ತಾಗದಂತೆ ಬಹಳ ಎಚ್ಚರ ವಹಿಸಿತ್ತು. ಆ ಎಚ್ಚರ ಕಂಡು ಅವನಿಗೇ ಅಸಹ್ಯವಾಯಿತು.

ಬೀರುವಿನ ಆಚೆಯಿಂದ ಅಪ್ಪನ ದನಿ ಬಂತು.

"ಥಿನ್ನರ್ ವಾಸ್ನೆ ಬತ್ತಾ ಅದಲ್ಲ. ಏನ್ ಅಳಿಸ್ತಾ ಇದೀಯಲಾ?"

"ಏನಿಲ್ಲಪ್ಪ. ಕೊಳೆ."

ಬೆಟ್ಟಸ್ವಾಮಿ ಮತ್ತೆ ಕೇಳಲಿಲ್ಲ. ಆದರೆ ಆ ದಿನ ಮಧ್ಯಾಹ್ನದ ಊಟಕ್ಕೆ ಕರೆಯಲೂ ಇಲ್ಲ. ತನ್ನ ಡಬ್ಬಿ ತಾನೇ ತಡವರಿಸಿ ಬಿಚ್ಚಿಕೊಂಡು ಉಂಡ.

ಮೂರು ದಿನ ಬಿಟ್ಟು ಉಷಾರಾಣಿ ಫೋನ್ ಮಾಡಿದಳು. ಬೈಯಲಿ ಎಂದು ಕಾಂತರಾಜ ಒಳಗೊಳಗೇ ಬೇಡಿಕೊಂಡ.

"ಕಾಂತಣ್ಣ, ಅರ್ಧ ಮಾಡಿದ್ದ ಫಿಲಂ ಅದ್ರಲ್ಲಿ ಉಳ್ಕೊಂಡಿರುತ್ತಾ? ನಂಜುಂಡೇಶ್ ಅವ್ರು ಮಿಕ್ಕಿದ್ದನ್ನ ಪಿರಿಯಾಪಟ್ಟಣದಲ್ಲಿ ಬೇರೆಯವರಿಗೆ ಕೊಡ್ತಾರಂತೆ."

"ಉಳ್ಕೊಂಡಿರುತ್ತೆ. ಹಾರ್ಡ್ ಡಿಸ್ಕ್‌ಗೆ ಏನೂ ಆಗಿಲ್ಲ."

"ಸದ್ಯ." ಆಮೇಲೆ ದನಿ ತಗ್ಗಿಸಿ ಅಂದಳು, "ನೀವು ಅಷ್ಟು ಚೆಂದಾಗಿ ಮಾಡ್ಕೊಟ್ಟಿದ್ರಿ. ಕಾಪಾಡ್ಕೊಳ್ಳೋಕೆ ಬರಲಿಲ್ಲ ನನಗೆ. ಬೇಜಾರು ಮಾಡ್ಕೋಬೇಡಿ ಕಾಂತಣ್ಣ."

ಫೋನ್ ಇಟ್ಟ ಮೇಲೆ ಅವನು ಎದುರಿಗಿದ್ದ ಗಿರಾಕಿಗೆ ಏನು ಹೇಳಿದನೋ ಅವನಿಗೇ ನೆನಪಿಲ್ಲ.

ಅವನೊಂದು ದಾರಿ ಹುಡುಕಿದ. ಬಾಯಿಬಿಟ್ಟು ಹೇಳದೆ ಸರಿಮಾಡುವ ದಾರಿ. ತಾನು ಬಳಸುತ್ತಿದ್ದ ಕಂಪ್ಯೂಟರಿನಿಂದ ಪ್ರೊಸೆಸರ್ ಕಿತ್ತು ಅವಳದ್ದಕ್ಕೆ ಕೂರಿಸಿದ. ಬಯೋಸ್‌ಗೆ ಹೋಗಿ ಎಲ್ಲ ಅಂಕಿಗಳನ್ನೂ ಆಟೋಗೆ, ಅಂದರೆ ಬೋರ್ಡು ತಾನೇ ನಿರ್ಧರಿಸುವಂತೆ, ತಂದ. ಅಂಕಿಗಳೆಲ್ಲ ಬಿಳಿಯಾದವು. ಒಂದು ದಿನವಿಡೀ ಓಡಿಸಿ ನೋಡಿದ. ಅಷ್ಟರಲ್ಲಿ ಕಂಪ್ಯೂಟರ್ ಸತ್ತು ಮೂರು ವಾರವಾಗಿತ್ತು. ಕೊಟ್ಟು ಬಂದುಬಿಟ್ಟರೆ ಮುಗಿಯಿತು, ಎಂದುಕೊಂಡು ಭೇರ್ಯದ ದಾರಿ ಹಿಡಿದ.

ನಡುಮನೆಯ ಮೇಜಿನ ಮೇಲೆ ಅವರೆಕಾಯಿಯ ಮೊರ ಕೂತಿತ್ತು. ಮೌಸ್ ಇದ್ದ ಕಡೆ ಒಂದು ಉಪ್ಪಿನಕಾಯಿ ಜಾಡಿ. ವಾಯಿಲ್ ಸೀರೆಯ ಗವಸು ಮಡಿಸಿ ಕಿಟಕಿಯಲ್ಲಿ ಇಟ್ಟಿತ್ತು. ಉಷಾರಾಣಿ ನೆಲದಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡು ಎದ್ದಳು, ಆದರೆ ಮೊದಲಿನ ಹಾಗೆ ಮೇಜಿನ ಬಳಿಗೆ ಓಡಲಿಲ್ಲ. ಕ್ಯಾಬಿನೆಟ್ಟನ್ನು ನೋಡಿ ಅತ್ತೆಯ ಮುಖ ನೋಡಿದಳು.

"ರೆಡಿ ಆಗದೆ ಅವ್ವ. ಬೇರೆ ಪ್ರೊಸೆಸರ್ ಹಾಕಿದೀನಿ. ಏನೂ ಕೊಡೋದು ಬ್ಯಾಡ."

"ಯಾಕಪ್ಪ ಬ್ಯಾಡ?"

"ನನ್ನತ್ರ ಇತ್ತು. ಹಾಕಿದೆ. ಬುಡಿ."

ಶಿವರುದ್ರಮ್ಮನ ಮುಖ ಕರಗಿತು. ಅದನ್ನು ಅವನು ನಿರೀಕ್ಷಿಸಿರಲಿಲ್ಲ. ಅವಳು ಸೊಸೆಯ ಕಡೆ ತಿರುಗಿ ಹೇಳಿದಳು: "ನೋಡ್ದ್ಯಾ? ನೀನು ಹೊಗೇಲಿ ಹಾಕಿ ಹಾಳು ಮಾಡಿದ್ದನ್ನ ಅವನು ತನ್ ಕೈಯಾರೆ ಹಾಕಿ ಸರಿ ಮಾಡ್ಕಂಡು ಬಂದವ್ನೆ. ಇಂತಾ ಮನ್ಸನ ಮುಂದೆ ನಿಂತ್ಕೊಳ್ಳೋಕೆ ನಾಚ್ಕೆ ಆಗಬೇಕು ನಿಂಗೆ."

ಉಷಾರಾಣಿ ತಲೆ ತಗ್ಗಿಸಿದಳು. "ತಪ್ಪಾಯ್ತು ಅತ್ತೆ," ಅಂದಳು.

ಕಾಂತರಾಜ ಅಲ್ಲೇ ನೆಲದ ಮೇಲೆ ಕೂತ. ಅವನು ಗುಟ್ಟಾಗಿ ತೀರಿಸಲು ತಂದದ್ದು ಅವನ ತಲೆಗೆ ಹೂವಾಗಿ, ಅವಳ ತಲೆಗೆ ಕಲ್ಲಾಗಿ ಬಿದ್ದಿತ್ತು. ಇನ್ನೊಂದು ಮಾತು ಆಡದೆ ಎದ್ದು ಹೋದರೆ ಅವಳು ಆಯುಷ್ಯವಿಡೀ ಅದನ್ನು ಹೊರುತ್ತಾಳೆ.

"ಉಷಮ್ಮ, ಡಿಸ್ಕ್ ಮೇಲೆ ಹೆಸರು ಬರೀತಿದ್ರಲ್ಲ, ಆ ಮಾರ್ಕರ್ ಕೊಡಿ."

ಅವಳು ಏನೂ ತಿಳಿಯದೆ ತಂದುಕೊಟ್ಟಳು. ಕಾಂತರಾಜ ಸ್ಕ್ರೂ ಬಿಚ್ಚಿ ತಗಡು ತೆಗೆದು ತೊಡೆಯ ಮೇಲಿಟ್ಟುಕೊಂಡ. ಎರಡು ಸಾಲುಗಳೂ ಅವನಿಗೆ ಬಾಯಿಪಾಠವಾಗಿದ್ದವು. ಅವು ಇದ್ದ ಜಾಗದಲ್ಲೇ ಮತ್ತೆ ಬರೆದ. ಅವುಗಳ ಕೆಳಗೆ ಇನ್ನೊಂದು ಸಾಲು ಬರೆದ.

"ಏನದು ಅವನು ಬರೀತಿರಾದು? ಓದು," ಎಂದಳು ಶಿವರುದ್ರಮ್ಮ. ಅವಳಿಗೆ ಅಕ್ಷರ ಬಾರದು.

ಉಷಾರಾಣಿ ತಗಡನ್ನು ಬೆಳಕಿಗೆ ಹಿಡಿದು ಓದಿದಳು. "ಮಾರ್ಚ್ ಹನ್ನೆರಡು. ವೇಗ ಏರಿಸಿದೆ. ವೋಲ್ಟೇಜ್ ಒಂದು ಪಾಯಿಂಟ್ ಎರಡೈದು ಇದ್ದದ್ದು ಒಂದು ಪಾಯಿಂಟ್ ನಾಲ್ಕು. ಕಾಂತ. ಆಗಸ್ಟ್ ಇಪ್ಪತ್ತು. ಒಂದು ಪಾಯಿಂಟ್ ನಾಲ್ಕು ಆರು. ಕಾಂತ." ಅಲ್ಲಿ ನಿಂತಳು.

"ಮುಂದಕ್ಕೆ?"

"ಸುಟ್ಟದ್ದು ಇದರಿಂದ. ಹೊಗೆಯಿಂದ ಅಲ್ಲ. ಮೇಲಿನ ಎರಡು ಸಾಲು ನಾನು ಒಂದು ಸಲ ಅಳಿಸಿದ್ದೆ. ಬೆಟ್ಟಸ್ವಾಮಿಯ ಮಗ ಕಾಂತರಾಜ."

ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುವ ಸದ್ದು ಕೇಳುತ್ತಿತ್ತು.

"ಅಂಗಂದ್ರೆ ಏನಪ್ಪ?" ಶಿವರುದ್ರಮ್ಮ ಅವನನ್ನೇ ಕೇಳಿದಳು. "ನನಗೆ ತಿಳಿಯಂಗೆ ಹೇಳು."

"ಹೊಗಳಿಸ್ಕೊಬೇಕು ಅಂತ ಜಾಸ್ತಿ ಕರೆಂಟು ಕೊಟ್ಟೆ ಅವ್ವ. ಒಳಗೇ ಬೆಂದೋಯ್ತು. ಇವ್ರು ಅದನ್ನ ದೇವ್ರ ಹಂಗೆ ಇಟ್ಕಂಡಿದ್ರು."

"ಅವತ್ತು ಬಿಚ್ಚಿದಾಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ ಮನೆ ಊಟ ಉಂಡೆ."

ಅವನು ಮಾರ್ಕರ್‌ಗೆ ಮುಚ್ಚಳ ಹಾಕಿ ನೆಲದ ಮೇಲಿಟ್ಟ.

"ಮೂರು ವಾರ ಬೈದಿದೀನಿ ಕಣಯ್ಯಾ ಇವಳನ್ನ. ಬಂದೋರ ಮುಂದೆಲ್ಲಾ ಬೈದಿದೀನಿ. ನನ್ ಬಾಯಿಗೂ ಮಸಿ ಬಳ್ದೆ ನೀನು." ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಸೊಸೆಯ ಮುಖವನ್ನು ನೇರ ನೋಡಲಾಗದೆ ಮೇಜಿನ ಬಳಿಗೆ ಹೋದಳು. ಅವರೆಕಾಯಿಯ ಮೊರವನ್ನು ತಾನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಜಾಡಿಯನ್ನೂ ತೆಗೆದಳು. ಸೆರಗಿನ ತುದಿಯಲ್ಲಿ ಮೇಜು ಒರೆಸಿದಳು. "ಇಲ್ಲೇ ಇಡು. ಒಲೆ ಪಕ್ಕದಲ್ಲೇ ಇರ್ಲಿ," ಎಂದು ಯಾರಿಗೆಂದು ಹೆಸರು ಹೇಳದೆ ಅಂದು ಒಳಗೆ ಹೋದಳು.

ಕಾಂತರಾಜ ಕ್ಯಾಬಿನೆಟ್ಟನ್ನು ಮೇಜಿಗಿಟ್ಟು ವೈರುಗಳನ್ನು ಸಿಕ್ಕಿಸಿದ. ಉಷಾರಾಣಿ ಕುರ್ಚಿ ಎಳೆದುಕೊಂಡು ಕೂತಳು. ಅತ್ತಿದ್ದಳೋ ಇಲ್ಲವೋ ಅವನು ನೋಡಲಿಲ್ಲ.

"ಆ ಅಂಕಿ ಎಲ್ಲಾ ಇರೋ ಪರದೆಗೆ ಹೋಗೋದು ಹೇಗೆ? ತೋರಿಸಿ."

"ಆನ್ ಮಾಡಿದ ತಕ್ಷಣ ಡಿಲೀಟ್ ಒತ್ತುತಾ ಇರಬೇಕು."

ಅವಳೇ ಒತ್ತಿದಳು. ಪರದೆ ತೆರೆಯಿತು. ವೋಲ್ಟೇಜಿನ ಸಾಲು ಯಾವುದು ಎಂದು ಕೇಳಿದಳು. ಅವನು ದೂರದಿಂದ ಬೆರಳು ತೋರಿಸಿದ. ಅವಳು ಅಂಕಿ ಏರಿಸುವ ಕೀಯನ್ನು ಒಂದೊಂದೇ ಸಲ ಒತ್ತುತ್ತ ಹೋದಳು. ಬಿಳಿ, ಹಳದಿ. ಕೆಂಪಾದ ಕೂಡಲೇ ಕೈ ತೆಗೆದಳು.

"ಹಿಂಗೆ ಕೆಂಪು ಕಾಣ್ತಿತ್ತಾ ನಿಮಗೂ?"

"ಕಾಣ್ತಿತ್ತು."

ಅವಳು ಅಂಕಿಯನ್ನು ಮತ್ತೆ ಆಟೋಗೆ ತಂದಳು. ತಗಡನ್ನು ತೆಗೆದುಕೊಂಡು ಅವನ ಮೂರು ಸಾಲಿನ ಕೆಳಗೆ ದುಂಡಗೆ ಬರೆದಳು: ಎಲ್ಲ ಆಟೋ. ಆ ದಿನದ ತಾರೀಕು. ಉಷಾರಾಣಿ.

"ಇನ್ಮೇಲೆ ಇದ್ರೊಳಗೆ ಏನೇ ಮಾಡೋದಿದ್ರೂ ನನ್ನ ಎದುರಿಗೇ ಮಾಡಿ, ಕಾಂತರಾಜ್ ಅವ್ರೇ."

ಮೂರು ವರ್ಷದಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ 'ಅವ್ರೇ' ಮಾತ್ರ ಒಳಗೆಲ್ಲೋ ಇಳಿದು ಕೂತಿತು. ಸ್ಕ್ರೂ ಹಾಕಿ, ಚೀಲ ಹೆಗಲಿಗೇರಿಸಿ, "ಬತ್ತೀನಿ ಅವ್ವ," ಎಂದು ಅಡುಗೆಮನೆಯ ಕಡೆಗೆ ಹೇಳಿದ. ಒಳಗಿನಿಂದ "ಹೂಂ" ಎಂದು ಬಂತು. ಊಟದ ಮಾತು ಬರಲಿಲ್ಲ. ಅಂಗಳ ದಾಟುವವರೆಗೂ ಸಾರಿನ ಘಮ ಹಿಂದೆಯೇ ಬಂತು. ಸ್ಕೂಟರ್ ಸ್ಟಾರ್ಟ್ ಮಾಡುವಾಗ ಕಿಟಕಿಯಲ್ಲಿ ಗವಸು ಇರಲಿಲ್ಲ.

ಅಂಗಡಿ ತಲುಪಿದಾಗ ಎರಡು ಗಂಟೆ. ಬೆಟ್ಟಸ್ವಾಮಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೂ ಬಿಚ್ಚದೆ ಕೂತಿದ್ದ.

"ಊಟ ಆಯ್ತೇನ್ಲಾ?"

"ಇಲ್ಲಪ್ಪ."

"ಭೇರ್ಯಕ್ಕೋಗಿ ಉಣ್ಣದೆ ಬಂದ್ಯಾ?"

"ಹೂಂ ಕಣಪ್ಪ."

ಅಪ್ಪನ ಬೆಳಕಿಲ್ಲದ ಕಣ್ಣು ಮಗನ ದನಿ ಬಂದ ಕಡೆಗೆ ತಿರುಗಿತು. "ಅಳಿಸಿದ್ಯಲ್ಲ," ಎಂದ ಆಮೇಲೆ, "ಬರ್ದ್ಯಾ?"

"ಬರ್ದೆ."

"ಅವ್ರ ಎದುರ್ಗೇ?"

"ಎದುರ್ಗೇ."

ಬೆಟ್ಟಸ್ವಾಮಿ ಡಬ್ಬಿಯ ಮುಚ್ಚಳ ತೆಗೆದು, ಮುದ್ದೆಯನ್ನು ಬೆರಳಲ್ಲಿ ಅಳೆದು ಎರಡು ಭಾಗ ಮಾಡಿದ. "ಕೈ ತೊಳ್ಕಂಡ್ ಬಾ," ಎಂದ.

ಕಾಂತರಾಜ ಗಲ್ಲಿಯ ನಲ್ಲಿಯ ಕೆಳಗೆ ಕೈ ಹಿಡಿದ. ಕೈಯಲ್ಲಿ ಕೊಳೆಯೇನೂ ಇರಲಿಲ್ಲ. ಆದರೂ ಬಹಳ ಹೊತ್ತು ತೊಳೆಯುತ್ತ ನಿಂತ. ಅಪ್ಪ ಉಣ್ಣದೆ ಕಾಯುತ್ತಿದ್ದಾನೆಂದು ನೆನಪಾದ ಮೇಲೆ ನಲ್ಲಿ ನಿಲ್ಲಿಸಿ ಒಳಗೆ ಹೋದ.